ಮಿಕ್ಕಿ ಚಿತ್ರದ ಕಾರ್ಡು, ಲಕ್ಕಮ್ಮನ ಅಕ್ಕಿ

ಹೋದ ವರ್ಷ ಬೇಸಿಗೆಯಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ರಾತ್ರಿ ಊಟವಾದ ಮೇಲೆ ಮಗಳು ಲ್ಯಾಪ್‌ಟಾಪು ತಂದು ನನ್ನ ಮುಂದಿಟ್ಟಳು. "ಅಪ್ಪಾಜಿ, ಬರೋ ತಿಂಗಳು ಎಲ್ಲಾರೂ ಕೂಡಿ ಫ್ಲೋರಿಡಾದ ಡಿಸ್ನಿ ವರ್ಲ್ಡಿಗೆ ಹೋಗೋಣ ಅಂತೀವಿ. ಡಿಸ್ನಿ ಹೆಸರಿಂದ ಒಂದು ಕ್ರೆಡಿಟ್ ಕಾರ್ಡು ಐತಿ. ತಗೊಂಡ್ರ ಪಾಯಿಂಟು ಬರ್ತಾವ, ರಿಯಾಯಿತಿ ಸಿಗ್ತೈತಿ. ಲಾಭನೋ ಲುಕ್ಸಾನೋ, ಒಂದು ಎಸ್ಟಿಮೇಟ್ ಹಾಕಿ ಹೇಳ್ರಿ" ಎಂದಳು.

ನೀರಾವರಿ ಇಲಾಖೆಯಲ್ಲಿ 34 ವರ್ಷ ಕಾಲುವೆ, ತೂಬುಗಳಿಗೆ ಎಸ್ಟಿಮೇಟ್ ಹಾಕಿದವನಿಗೆ ಇಂಥ ಕೆಲಸ ಕೊಟ್ಟರೆ ನಿದ್ದೆ ಹತ್ತೀತೆ? ಅಂದು ರಾತ್ರಿ ಕುಳಿತು ಮಾಡಿದ ಲೆಕ್ಕವನ್ನು, ಆ ಲೆಕ್ಕ ನನ್ನನ್ನು ಎಲ್ಲಿಗೆ ಒಯ್ದಿತೆಂಬುದನ್ನು ಶರಣ ಬಂಧುಗಳ ಮುಂದಿಡಬೇಕೆನಿಸಿತು. ನಮ್ಮ ಸಮಾಜದ ಎಷ್ಟೋ ಮಕ್ಕಳು ಅಲ್ಲಿ ಸಂಸಾರ ಹೂಡಿದ್ದಾರೆ. ಈ ಪ್ರಶ್ನೆ ಅವರ ಮನೆಗೂ ಬಂದೇ ಬರುತ್ತದೆ.

ಮಗಳು ನೋಡುತ್ತಿದ್ದದ್ದು ಚೇಸ್ ಬ್ಯಾಂಕು ಕೊಡುವ ಎರಡು ಡಿಸ್ನಿ ವೀಸಾ ಕಾರ್ಡುಗಳನ್ನು. ಒಂದಕ್ಕೆ ವಾರ್ಷಿಕ ಶುಲ್ಕವಿಲ್ಲ. ಏನೇ ಕೊಂಡರೂ ಶೇ. 1ರಷ್ಟು ಹಿಂದಕ್ಕೆ ಬರುತ್ತದೆ. ಇನ್ನೊಂದಕ್ಕೆ, ಪ್ರೀಮಿಯರ್ ಎಂಬುದಕ್ಕೆ, ವರ್ಷಕ್ಕೆ 49 ಡಾಲರ್ ಶುಲ್ಕ. ಅದರಲ್ಲಿ ಪೆಟ್ರೋಲು, ದಿನಸಿ, ಹೋಟೆಲ್ ಊಟ ಮತ್ತು ಡಿಸ್ನಿಯ ಜಾಗಗಳಲ್ಲಿ ಶೇ. 2, ಡಿಸ್ನಿ ಪ್ಲಸ್‌ನಂಥ ಚಂದಾಗಳಿಗೆ ಶೇ. 5, ಉಳಿದದ್ದಕ್ಕೆಲ್ಲ ಶೇ. 1. ಹೀಗೆ ಬಂದದ್ದನ್ನು 'ರಿವಾರ್ಡ್ಸ್ ಡಾಲರ್' ಎನ್ನುತ್ತಾರೆ. ಹೆಸರು ಡಾಲರಾದರೂ ಅದು ಮುಖ್ಯವಾಗಿ ನಡೆಯುವುದು ಡಿಸ್ನಿಯ ಟಿಕೆಟ್ಟು, ವಸತಿ, ಊಟ, ಅಂಗಡಿಗಳಲ್ಲಿ ಮಾತ್ರ. ಇದರ ಜೊತೆಗೆ ಪಾರ್ಕಿನ ಅಂಗಡಿಗಳಲ್ಲಿ 50 ಡಾಲರಿಗೆ ಕಡಿಮೆಯಿಲ್ಲದ ಖರೀದಿಗೆ ಶೇ. 10 ರಿಯಾಯಿತಿ, ಕೆಲವು ಊಟದ ಮನೆಗಳಲ್ಲೂ ಅಷ್ಟೇ.

ಮಗಳ ಮನೆಯ ಖರ್ಚನ್ನು ಬರೆದುಕೊಂಡೆ. ದಿನಸಿ, ಪೆಟ್ರೋಲು, ಹೊರಗಿನ ಊಟ ವರ್ಷಕ್ಕೆ 12,000 ಡಾಲರ್. ಇತರೆ 10,000. ಚಂದಾ 200. ಡಿಸ್ನಿ ಪ್ರವಾಸದ ಟಿಕೆಟ್ಟು, ವಸತಿಗೆ 4,000. ಅಲ್ಲಿನ ಊಟ, ಆಟಿಕೆಗೆ 600. ಒಟ್ಟು 26,800. ಪ್ರೀಮಿಯರ್ ಕಾರ್ಡಿನಿಂದ ಬರುವುದು 240, 100, 10, 92, ಕೂಡಿದರೆ 442 ಡಾಲರ್. ಆ 600ಕ್ಕೂ ಪೂರ್ತಿ ರಿಯಾಯಿತಿ ಸಿಕ್ಕಿತೆಂದೇ ಹಿಡಿದು 60 ಸೇರಿಸಿ, ಶುಲ್ಕ 49 ಕಳೆದರೆ 453. ಇನ್ನು ಆ ದೇಶದಲ್ಲಿ ಯಾವ ಶುಲ್ಕವೂ ಇಲ್ಲದೆ ಎಲ್ಲಾ ಖರ್ಚಿಗೂ ಶೇ. 2ರಷ್ಟನ್ನು ನಗದಾಗಿ ಹಿಂದಿರುಗಿಸುವ ಸಾದಾ ಕಾರ್ಡುಗಳಿವೆ. ಅಂಥದೊಂದು ಅಳಿಯಂದಿರ ಜೇಬಿನಲ್ಲೇ ಇತ್ತು. ಅದರಲ್ಲಿ ಬರುವುದು 536. ಅಂದರೆ ಜೇಬಿನಲ್ಲಿದ್ದ ಹಳೆಯ ಕಾರ್ಡೇ 83 ಡಾಲರ್ ಮೇಲು, ಬಂದ ಹಣವನ್ನು ಎಲ್ಲಿ ಬೇಕಾದರೂ ಖರ್ಚು ಮಾಡಬಹುದು.

ಬೆಳಿಗ್ಗೆ ಇದನ್ನು ತೋರಿಸಿದಾಗ ಅಳಿಯಂದಿರು ನಕ್ಕರು. "ಮಾಮಾ, ಶುಲ್ಕ ಇಲ್ಲದ ಕಾರ್ಡ್ ತಗೊಂಡು ಬರೀ ಪಾರ್ಕಿನೊಳಗ ಬಳಸಿದ್ರ? 60 ಡಾಲರ್ ಉಳೀತಲ್ರಿ. ಹೊಸದಾಗಿ ಸೇರೋರಿಗೆ ಬ್ಯಾಂಕಿನವರು ಬೋನಸ್ಸೂ ಕೊಡ್ತಾರ."

ಲೆಕ್ಕದಲ್ಲಿ ಅವರೇ ಗೆದ್ದರು. ಹೇಗಾದರೂ ಹೋಗಿಯೇ ಹೋಗುವವರಿಗೆ, ತಿಂಗಳ ಬಿಲ್ಲನ್ನು ಒಂದು ಸೆಂಟೂ ಬಾಕಿ ಉಳಿಸದೆ ಕಟ್ಟುವವರಿಗೆ, ಅಂಗಡಿಯೊಳಗೆ ಮನಸ್ಸನ್ನು ಹಿಡಿತದಲ್ಲಿಟ್ಟುಕೊಳ್ಳುವವರಿಗೆ ಅದು ಲಾಭವೇ. ಆದರೆ ಮೂರನೆಯ ಷರತ್ತು ಸುಲಭದ್ದಲ್ಲ. ಮೊಮ್ಮಗಳ ಕೈಯಲ್ಲಿ 30 ಡಾಲರಿನ ಗೊಂಬೆ ಇದೆಯೆನ್ನಿ. 50 ಆದರೆ ರಿಯಾಯಿತಿ. ಇನ್ನೊಂದು 20 ಡಾಲರಿನ ಸಾಮಾನು ಬುಟ್ಟಿಗೆ ಬೀಳುತ್ತದೆ. 5 ಡಾಲರ್ ಉಳಿಸಲು 20 ಖರ್ಚಾಯಿತು.

ಇದಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಇನ್ನೊಂದು ಸೌಲಭ್ಯ. ಕೆಲವು ಪ್ರವಾಸದ ಪ್ಯಾಕೇಜುಗಳಿಗೆ ಮೊದಲ 6 ತಿಂಗಳು ಬಡ್ಡಿಯಿಲ್ಲ. 6,000 ಡಾಲರಿನ ಪ್ರವಾಸ ಮಾಡಿ ತಿಂಗಳಿಗೆ 500ರಂತೆ ಕಟ್ಟಿದರೂ 6 ತಿಂಗಳ ನಂತರ 3,000 ಬಾಕಿ ಇರುತ್ತದೆ. ಅಮೆರಿಕದ ಕಾರ್ಡುಗಳ ಬಡ್ಡಿ ಈಚಿನ ವರ್ಷಗಳಲ್ಲಿ ಸರಾಸರಿ ಶೇ. 20ನ್ನು ದಾಟಿದೆ. ಶೇ. 20 ಎಂದೇ ಹಿಡಿದರೂ ಮೊದಲ ತಿಂಗಳ ಬಡ್ಡಿ 50 ಡಾಲರ್. ಇಡೀ ಪ್ರವಾಸದಲ್ಲಿ ಸಿಕ್ಕ ರಿಯಾಯಿತಿ ಒಂದೆರಡು ತಿಂಗಳಲ್ಲೇ ಕರಗಿತು. ಹೊಸದಾಗಿ ಸಂಸಾರ ಹೂಡಿದ ಮಕ್ಕಳಿಗೆ ನಾನು ಖಂಡಿತವಾಗಿ ಬೇಡವೆನ್ನುವುದು ಇದನ್ನೇ.

ಇಲ್ಲಿಗೆ ಎಸ್ಟಿಮೇಟ್ ಮುಗಿಯಬೇಕಿತ್ತು, ಮುಗಿಯಲಿಲ್ಲ. 1971ರಲ್ಲಿ ತೆರೆದ ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಬಗ್ಗೆ ಎಂಜಿನಿಯರುಗಳಿಗೆ ಗೊತ್ತಿರುವ ಒಂದು ಸಂಗತಿಯಿದೆ. ಆ ನೆಲದಲ್ಲಿ ಅಂತರ್ಜಲ ತೀರ ಮೇಲಿರುವುದರಿಂದ ಸುರಂಗ ತೋಡುವಂತಿರಲಿಲ್ಲ. ಸುರಂಗಗಳನ್ನು ನೆಲದ ಮೇಲೆಯೇ ಕಟ್ಟಿ, ಪಕ್ಕದಲ್ಲಿ ಕೆರೆ ತೋಡಿದ ಮಣ್ಣನ್ನು ಸುತ್ತ ತುಂಬಿ, ಅದರ ಮೇಲೆ ಪಾರ್ಕು ಕಟ್ಟಿದರು. ಪ್ರವಾಸಿಗರು ನಡೆದಾಡುವುದು ಎರಡನೆಯ ಅಂತಸ್ತಿನಲ್ಲಿ. ಕೆಲಸಗಾರರು, ಸಾಮಾನು, ಕಸ ಎಲ್ಲ ಓಡಾಡುವುದು ಕೆಳಗೆ. ಅದ್ಭುತವಾದ ಕೆಲಸ, ಸಂಶಯವಿಲ್ಲ. ನನಗೆ ಮಾತ್ರ, ಈ ಕಾರ್ಡಿನ ಕೆಳಗೂ ಒಂದು ಸುರಂಗ ಇರಬೇಕಲ್ಲ, ಈ ಶೇ. 2 ಎಲ್ಲಿಂದ ಬರುತ್ತದೆ ಎಂಬ ಯೋಚನೆ ಹತ್ತಿತು.

ಬ್ಯಾಂಕು ತನ್ನ ಕೈಯಿಂದ ಕೊಡುವುದಿಲ್ಲ. ನಾವು ಕಾರ್ಡಿನಲ್ಲಿ 100 ಡಾಲರ್ ಕೊಟ್ಟರೆ ಅಂಗಡಿಯವನಿಗೆ ಮುಟ್ಟುವುದು ಸುಮಾರು 97, 98. ನಡುವೆ ಕಡಿತವಾದದ್ದರಲ್ಲಿ ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ. ಅದರಲ್ಲೇ ಒಂದಷ್ಟು ನಮಗೆ ಬಹುಮಾನ. ಅಂಗಡಿಯವನು ನಷ್ಟವನ್ನು ತಾನೇ ಹೊರುವನೆ? ಬೆಲೆಗೆ ಸೇರಿಸುತ್ತಾನೆ. ಆ ಬೆಲೆಯನ್ನು ನಗದು ಕೊಡುವವರೂ ತೆರುತ್ತಾರೆ: ಕಾರ್ಡು ಸಿಗದವರು, ದಿನಗೂಲಿಯವರು, ಮನೆ ಗುಡಿಸುವವರು. ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟುವವರ ಹಣವೂ ಇದೇ ಬ್ಯಾಂಕಿಗೆ ಹರಿಯುತ್ತದೆ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದರ ಲೆಕ್ಕ ಹಾಕಿದ್ದರು. ನಗದು ಬಳಸುವ ಕುಟುಂಬವೊಂದರಿಂದ ವರ್ಷಕ್ಕೆ ಸರಾಸರಿ 149 ಡಾಲರ್ ಕಾರ್ಡು ಬಳಸುವವರ ಕಡೆಗೆ ಹೋಗುತ್ತದೆ. ವರಮಾನದ ಪ್ರಕಾರ ನೋಡಿದರೆ, 20,000 ಡಾಲರಿಗಿಂತ ಹೆಚ್ಚು ಗಳಿಸದ ಕುಟುಂಬ ವರ್ಷಕ್ಕೆ 21 ಡಾಲರ್ ಕಳೆದುಕೊಳ್ಳುತ್ತದೆ, 1,50,000ಕ್ಕೆ ಕಡಿಮೆಯಿಲ್ಲದ ಕುಟುಂಬಕ್ಕೆ 750 ಬರುತ್ತದೆ.

ದಾಸೋಹವೆಂದರೆ ಉಳ್ಳವರಿಂದ ಇಲ್ಲದವರ ಕಡೆಗೆ ಹರಿಯಬೇಕಾದದ್ದು. ಇದು ಏತದಂತೆ, ತಗ್ಗಿನಿಂದ ಎತ್ತಿ ದಿಣ್ಣೆಗೆ ಸುರಿಯುತ್ತದೆ. ದಿಣ್ಣೆಯ ಮೇಲೆ ನಿಂತವರು ನಮ್ಮ ಮಕ್ಕಳೇ.

ಇನ್ನೊಂದು ಸಣ್ಣ ವಿಷಯ. ಕಾರ್ಡು ಇದ್ದವರ ಮಕ್ಕಳಿಗೆ ಮಿಕ್ಕಿ ಮೊದಲಾದ ಪಾತ್ರಗಳ ಜೊತೆ ಫೋಟೊ ತೆಗೆಸಿಕೊಳ್ಳಲು ಪಾರ್ಕಿನಲ್ಲಿ ಪ್ರತ್ಯೇಕ ಜಾಗವಿದೆ. ಪಂಕ್ತಿಭೇದವನ್ನು ಒಪ್ಪದ ಪರಂಪರೆಯವರು ನಾವು. ಮಕ್ಕಳ ಆಟದಲ್ಲೂ ಬೇರೆ ಪಂಕ್ತಿಯೆ? ಹೀಗೆ ಕೇಳಿದ್ದಕ್ಕೆ ನನ್ನವಳು, "ಮಗು ಖುಷಿಲೆ ಒಂದ್ ಫೋಟೊ ತೆಗಿಸ್ಕೊಂಡ್ರ ನಿಮ್ಮ ಸಮಾನತಾ ಏನ್ ಮುಳುಗಿ ಹೋಗ್ತದ?" ಎಂದಳು. ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮ ತಾಯಿ ಸಂತೋಷಪಡಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಮಾರಯ್ಯನವರು ಕದ್ದಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. ಸಿಕ್ಕಿತು, ತಂದರು. ಪುಕ್ಕಟೆ ಸಿಕ್ಕದ್ದನ್ನು ಕಂಡಾಗ ಅದು ಯಾರ ಪಾಲಿನದು ಎಂದು ಕೇಳಬೇಕೆಂದು ಆ ತಾಯಿಗೆ ತೋಚಿತು. ರಿವಾರ್ಡ್ಸ್ ಎಂಬ ಮಾತು ಕೇಳಿದಾಗ ನಮಗೇಕೆ ತೋಚುವುದಿಲ್ಲ?

ನಮ್ಮ ದೇಶದ ಮಾತು ಸ್ವಲ್ಪ ಬೇರೆ. ಯುಪಿಐ ಪಾವತಿಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಅಂಗಡಿಯವರು ಶುಲ್ಕ ತೆರಬೇಕಿಲ್ಲ. ಸಂತೆಯ ಹೂವಿನವಳಿಗೆ ನಾವು ಫೋನಿನಲ್ಲಿ 20 ರೂಪಾಯಿ ಕಳಿಸಿದರೆ ಅವಳಿಗೆ 20 ರೂಪಾಯಿಯೇ ಮುಟ್ಟುತ್ತದೆ. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರ ಪಾಕೀಟಿನಲ್ಲೂ ಈಗ ಅಂಗಡಿ, ವಿಮಾನ ಕಂಪನಿಗಳ ಹೆಸರಿನ ಕ್ರೆಡಿಟ್ ಕಾರ್ಡುಗಳಿವೆ. ಹೆಸರು ಬೇರೆ, ಯಂತ್ರ ಅದೇ.

ಅಳಿಯಂದಿರು ಕೊನೆಗೊಂದು ಮಾತು ಕೇಳಿದರು. "ಮಾಮಾ, ನಾವು ಕಾರ್ಡು ಬಿಟ್ರ ಅಂಗಡಿಯಾವ ರೇಟ್ ಇಳಸ್ತಾನೇನು? ಆ 2 ಪರ್ಸೆಂಟ್ ಬ್ಯಾಂಕಿನ ಕಡೆ ಉಳೀತದ. ಅದರಿಂದ ಬಡವರಿಗೆ ಏನ್ ಬಂತು?"

ಮಾತು ಸರಿಯಾಗಿತ್ತು. ಎರಡು ದಿನ ಯೋಚಿಸಿ ಹೇಳಿದೆ: ಡಿಸ್ನಿ ಕಾರ್ಡಿನ ಬಹುಮಾನವನ್ನು ಡಿಸ್ನಿಯಲ್ಲೇ ತೀರಿಸಬೇಕು, ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಸಾದಾ ಕಾರ್ಡಿನದು ನಗದು, ಹಿಂದಕ್ಕೆ ಸುರಿಯಲು ಬರುತ್ತದೆ. ಆದ್ದರಿಂದ ಹೊಸ ಕಾರ್ಡು ಬೇಡ, ಹಳೆಯದರಲ್ಲಿ ಬಂದದ್ದನ್ನು ಅವರ ಊರಿನ ಫುಡ್ ಬ್ಯಾಂಕಿಗೆ ಕೊಡಿರೆಂದೆ.

ಡಿಸ್ನಿ ವರ್ಲ್ಡಿಗೆ ಹೋದೆವು. ಹಳೆಯ ಕಾರ್ಡಿನಲ್ಲೇ ಎಲ್ಲ ಕಟ್ಟಿದರು. ಮೊಮ್ಮಗಳು ಸಾಮಾನ್ಯ ಸಾಲಿನಲ್ಲಿ ನನ್ನ ಕೈ ಹಿಡಿದು ಬಹಳ ಹೊತ್ತು ನಿಂತು ಮಿಕ್ಕಿಯ ಜೊತೆ ಫೋಟೊ ತೆಗೆಸಿಕೊಂಡಳು. ನನ್ನ ಮೊಣಕಾಲು ಅದನ್ನು ಇನ್ನೂ ಮರೆತಿಲ್ಲ. ವರ್ಷದ ಕೊನೆಗೆ ಕ್ಯಾಶ್‌ಬ್ಯಾಕ್ 500 ಡಾಲರಿನ ಮೇಲೆ ಬಂದಿತ್ತು. ಅದರಲ್ಲಿ ಅರ್ಧವನ್ನು ಅಳಿಯಂದಿರು ಫುಡ್ ಬ್ಯಾಂಕಿಗೆ ಕೊಟ್ಟಿದ್ದಾರೆ. ಪೂರ್ತಿ ಕೊಡಬೇಕೆಂದು ನಾನು, ಅರ್ಧ ಸಾಕೆಂದು ಅವರು. ವಾಟ್ಸ್‌ಆ್ಯಪಿನಲ್ಲಿ ಈ ವಾದ ಇನ್ನೂ ನಡೆದಿದೆ.