ವೇಷಾಂತರದ ಹೊತ್ತು

ಸಾವಳಗಿ ಸೀಮೆಯ ಹಿರಿಯರಿಗೆ ಶ್ರೀಕೃಷ್ಣ ಪಾರಿಜಾತದ ಕೊರವಂಜಿಯನ್ನು ಪರಿಚಯಿಸಬೇಕಾಗಿಲ್ಲ. ಬಂದವನು ಕೃಷ್ಣನೆಂದು ನೋಡುವವರಿಗೆ ಗೊತ್ತು, ಸತ್ಯಭಾಮೆಗೆ ಗೊತ್ತಿಲ್ಲ. ಆಟದ ಸವಿಯೆಲ್ಲ ಅಲ್ಲಿಯೇ ಇದೆ. ವೇಷ ಕಟ್ಟುವ ಕೆಲಸ ಮಾತ್ರ ಮರೆಯಲ್ಲಿ ನಡೆಯುತ್ತದೆ.

ಜಪಾನಿನ ಚಲಚ್ಚಿತ್ರಕಾರರು ಆ ಮರೆಯನ್ನೇ ಸರಿಸಿದರು. ಮೊಮ್ಮಗಳ ದೆಸೆಯಿಂದ ನನಗೂ ಅವರ ಮಾಯಾಬಾಲೆಯರ ಕಾರ್ಟೂನುಗಳ ದರ್ಶನವಾಯಿತು. 1969ರ ‘ಅಕ್ಕೋ-ಚಾನ್’ ಕಥೆಯ ಬಾಲೆ ತನಗೆ ಬೇಕಾದ ರೂಪವನ್ನು ಕನ್ನಡಿಗೆ ಹೇಳಿ ಬದಲಾಗುತ್ತಿದ್ದಳು. 1973ರ ‘ಕ್ಯೂಟಿ ಹನಿ’ ಉಡುಪು ಕಳಚುವುದನ್ನೇ ತೋರಿಸಿತು. ಆ ಅಭಿರುಚಿ ನನಗೆ ಸಮ್ಮತವಲ್ಲ. 1992ರ ‘ಸೇಲರ್ ಮೂನ್’ನಲ್ಲಿ ಶಾಲಾಬಾಲಕಿ ವೀರಾಂಗನೆಯಾಗುವುದು ಸಂಗೀತಸಹಿತವಾದ ಒಂದು ಪೂರ್ಣ ದೃಶ್ಯ. ಅವೇ ಚಿತ್ರಗಳು ಕಂತುಕಂತಿಗೂ ಮರಳುತ್ತವೆ. ಇದರಿಂದ ಹೊಸದಾಗಿ ಬರೆಯುವ ಶ್ರಮ ಉಳಿಯುವುದು ನಿಜ. ಆದರೆ ಮಕ್ಕಳಿಗೆ ಅದು ಹಾಡಿನ ಪಲ್ಲವಿಯಂತೆ, ಕಾದು ನೋಡುವ ಭಾಗ. 2004ರ ‘ಪ್ರಿಕ್ಯೂರ್’ ನನಗೆ ಹೆಚ್ಚು ಮೆಚ್ಚುಗೆಯಾಯಿತು: ಅಲ್ಲಿ ಗೆಳತಿಯರಿಬ್ಬರೂ ಕೈಹಿಡಿಯದೆ ರೂಪಾಂತರವೇ ಇಲ್ಲ. 2011ರ ‘ಮಡೋಕಾ’ದಲ್ಲಿಯಾದರೋ ಆ ಶಕ್ತಿಗೆ ತೆರಬೇಕಾದ ಬೆಲೆ ಘೋರವಾದುದು.

ನಮ್ಮ ಹುಡುಗಿಯರು ಸ್ನೇಹಸಮ್ಮೇಳನದಲ್ಲಿ ಇಂಥ ಗಿರಕಿ ಹೊಡೆದರೆ ಪರದೇಶದ ಹುಚ್ಚೆಂದು ಗದರಿಸುವವರುಂಟು. ನಾನು ಗದರಿಸಲಾರೆ. ಅಂಜುಬುರುಕಿಯೊಬ್ಬಳು ಧೀರೆಯಾಗುವ ಗಳಿಗೆಯನ್ನು ಕಣ್ಣಾರೆ ಕಾಣುವ ಹಂಬಲ ಅವರದು. ಅದನ್ನು ತಣಿಸುವ ಸಾಮಗ್ರಿ ನಮ್ಮಲ್ಲಿಯೂ ಇದೆ. ಬರುವ ವರ್ಷ ಹುಡುಗಿಯೊಬ್ಬಳಿಂದಲೇ ಕೃಷ್ಣನ ಪಾತ್ರ ಮಾಡಿಸಿ, ಕೊರವಂಜಿಯ ವೇಷವನ್ನು ಸಭೆಯ ಎದುರಿಗೇ, ಮೇಳದ ಹಾಡಿನೊಡನೆ ಕಟ್ಟಿಸೋಣವೆಂದು ಸಹೋದ್ಯೋಗಿಗಳಲ್ಲಿ ನನ್ನ ಅರಿಕೆ. ಇಳಕಲ್ಲ ಸೀರೆಯನ್ನೂ ಬುಟ್ಟಿಯನ್ನೂ ನಮ್ಮ ಮನೆಯಿಂದಲೇ ತರುತ್ತೇನೆ.