ದುಡ್ಡು ಒಂದೇ, ಕೂರೋ ಜಾಗ ಯಾಕೆ ಬ್ಯಾರೆ?

ಅಕ್ಕಂದಿರೇ, ಒಸಿ ಖಾರವಾಗೇ ಬರೀತಿದೀನಿ, ಬೇಜಾರು ಮಾಡ್ಕಬ್ಯಾಡಿ. ನಮ್ಮ ಕೆ.ಆರ್.ಪೇಟೆ, ನಾಗಮಂಗಲ ಕಡೆ ಈಗ ಬೀದಿಗೊಬ್ರು ಮನೇಲೇ ಬ್ಲೌಸ್ ಹೊಲೀತಾರೆ. ಒಳ್ಳೇದೇ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೇಲಿ ಟೈಲರುಗಳಿಗೂ ಸಲಕರಣೆಗೆ ಅಂತ 15,000 ರೂಪಾಯಿವರೆಗೆ ಸಿಕ್ತದೆ. ಆದ್ರೆ ಬಂದೋರನ್ನ ಕೂರ್ಸೋ ಬುದ್ಧೀನ ಯಾವ ಯೋಜನೆ ಕೊಡ್ತದೆ?

ಕಾರಲ್ಲಿ ಬಂದೋರಿಗೆ ಒಳಗೆ ಸೋಫಾ, ಫ್ಯಾನು, ಕಾಫಿ. ಹಳ್ಳಿಯಿಂದ ಬಸ್ಸಲ್ಲಿ ಕೂಸು ಎತ್ಕಂಡು ಬಂದೋಳು ಗೇಟಾಚೆ ಬಿಸಿಲಲ್ಲಿ ನಿಂತಿರ್ಬೇಕು. ಕೇಳಿದ್ರೆ, "ಒಳಗೆ ದೇವ್ರ ಮನೆ ಅದೆ, ಅವ್ರು ಯಾವ ಜನವೋ ಏನೋ" ಅಂತಾರೆ. ಅವಳ ಕೈಯಿಂದ ನೋಟು ಇಸ್ಕಳೋವಾಗ ಈ ಮಾತು ಎಲ್ಲೋಗಿರ್ತದೆ? ಅಸ್ಪೃಶ್ಯತೆ ಕೂಡದು ಅಂತ ಸಂವಿಧಾನದ 17ನೇ ವಿಧೀಲಿ ಬರೆದದೆ. ಅದು ನಮ್ಮ ಹೊಸಿಲಿಗೂ ಸೇರಿದ್ದು ಕಣ್ರವ್ವಾ.

ಮನೆ ಚಿಕ್ಕದು ಅನ್ನೋ ನೆಪ ಬ್ಯಾಡ. ಜಗುಲಿ ಮೇಲೋ ಪಡಸಾಲೇಲೋ ನೆರಳಲ್ಲಿ ಒಂದು ಬೆಂಚು, ಕುಡಿಯಕ್ಕೆ ನೀರು, ಅಳತೆ ತಗಳಕ್ಕೆ ಹಳೇ ಸೀರೇದೊಂದು ಪರದೆ, ಸಾಕು. ಆದ್ರೆ ಬೆಂಚೂ ಒಂದೇ, ಲೋಟಾನೂ ಒಂದೇ ಆಗಿರ್ಬೇಕು. ಯಾರೇ ಬರಲಿ, "ಬಾರವ್ವ, ಕುಂತ್ಕೊ" ಅನ್ಬೇಕು.

ಅಷ್ಟಕ್ಕೂ ಮನಸ್ಸಿಲ್ವಾ? ಹಂಗಾದ್ರೆ ಬಾಗಿಲಿಗೆ ನೇತಾಕಿರೋ ಆ ಬೋರ್ಡು ತೆಗೆದಾಕಿ.