ಆ ಎರಡು ವರ್ಷ ಹಕ್ಕಿ ಏನು ಮಾಡುತ್ತಿತ್ತು?

ಡಿಗ್ರಿ ಮುಗಿದು ಎರಡು ವರ್ಷವಾದ ಮೇಲೆ ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ನನ್ನ ರೆಸ್ಯೂಮೆ ಮೇಲೆ ಕಣ್ಣಾಡಿಸಿದವರು ಕೇಳಿದ ಮೊದಲ ಪ್ರಶ್ನೆ: ‘ಎರಡು ವರ್ಷ ಗ್ಯಾಪ್ ಇದೆಯಲ್ಲ, ಏನ್ ಮಾಡ್ತಿದ್ರಿ?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೆ ಎಂದೆ. ‘ಅಂದ್ರೆ ಏನೂ ಮಾಡಿಲ್ಲ’ ಎಂದರು. ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ ನನಗೆ ನೆನಪಾದದ್ದು ಸ್ಕಾಟ್ಲೆಂಡಿನ ಮೂರು ಹಕ್ಕಿಮರಿಗಳು.

ಅವು ನನಗೆ ಪರಿಚಯವಾದದ್ದು 2020ರ ಲಾಕ್‌ಡೌನಿನಲ್ಲಿ. ಕಾಲೇಜು ಮುಚ್ಚಿತ್ತು. ಕೊನೆಯ ಸೆಮಿಸ್ಟರ್ ಪರೀಕ್ಷೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಆರ್ಕೇಗ್ ಎಂಬ ಸರೋವರದ ಬಳಿಯ ಕಾಡಿನಲ್ಲಿ, ಮರದ ತುದಿಯ ಗೂಡೊಂದಕ್ಕೆ ವುಡ್‌ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆ ಕ್ಯಾಮೆರಾ ಇಟ್ಟಿತ್ತು. ಅದರ ನೇರ ಪ್ರಸಾರವನ್ನು ಮೊಬೈಲಿನಲ್ಲಿ ನೋಡಬಹುದಿತ್ತು. ಗೂಡು ಆಸ್ಪ್ರೆ ಹಕ್ಕಿಗಳದ್ದು. ಮೀನನ್ನೇ ಹಿಡಿದು ಬದುಕುವ ಈ ಹಕ್ಕಿಯನ್ನು ಮೀನುಗಿಡುಗ ಎನ್ನೋಣ. ಚಳಿಗಾಲದಲ್ಲಿ ನಮ್ಮ ಕಬಿನಿ, ಭದ್ರಾ ಹಿನ್ನೀರಿಗೂ ಇದೇ ಜಾತಿಯ ಹಕ್ಕಿಗಳು ಉತ್ತರದಿಂದ ವಲಸೆ ಬರುತ್ತವೆ.

ಗಂಡು ಹಕ್ಕಿಗೆ ಲೂಯಿ, ಹೆಣ್ಣಿಗೆ ಐಲಾ ಎಂದು ಹೆಸರಿಟ್ಟಿದ್ದರು. ಏಪ್ರಿಲ್‌ನಲ್ಲಿ ಮೊಟ್ಟೆ. ಐದು ವಾರಕ್ಕೂ ಹೆಚ್ಚು ಕಾವು. ಮೇ ತಿಂಗಳಲ್ಲಿ ಮರಿಗಳು ಹೊರಬಂದವು. ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ ಆದಾಗ ಅಲ್ಲಿ ನಸುಕಿನ ಐದು ಗಂಟೆ. ನಾನು ತಿಂಡಿ ತಿನ್ನುತ್ತಾ ಮೊಬೈಲ್ ನೋಡುವಾಗ ಅಮ್ಮನೂ ಇಣುಕುತ್ತಿದ್ದಳು. ‘ಅಪ್ಪ ಮೀನು ತಂದ್ನಾ?’ ಎಂದು ಕೇಳುವುದು ಅವಳಿಗೆ ಅಭ್ಯಾಸವಾಯಿತು.

ಏಳೆಂಟು ವಾರಕ್ಕೆ ಮರಿಗಳು ರೆಕ್ಕೆ ಬಲಿತು ಹಾರುತ್ತವೆ. ಆಮೇಲಿನ ಕತೆ ನನಗೆ ಮೊದಲು ನಂಬಲು ಕಷ್ಟವಾಯಿತು. ಆಗಸ್ಟ್ ಹೊತ್ತಿಗೆ ಸಾಮಾನ್ಯವಾಗಿ ತಾಯಿಯೇ ಮೊದಲು ದಕ್ಷಿಣಕ್ಕೆ ಹೊರಡುತ್ತದೆ. ತಂದೆ ಉಳಿದು ಮರಿಗಳಿಗೆ ಮೀನು ತಂದುಕೊಡುತ್ತದೆ. ನಂತರ ಒಂದೊಂದೇ ಮರಿ ಒಂಟಿಯಾಗಿ ಹೊರಡುತ್ತದೆ. ದಾರಿ ತೋರಿಸಲು ಅಪ್ಪ, ಅಮ್ಮ ಜೊತೆಗಿರುವುದಿಲ್ಲ. ಯಾವ ದಿಕ್ಕಿಗೆ ಹೋಗಬೇಕೆಂಬುದು ಹುಟ್ಟಿನಿಂದಲೇ ಬಂದಿರುತ್ತದೆ. ಸೇರಬೇಕಾದ ಜಾಗ ಸುಮಾರು ಐದು ಸಾವಿರ ಕಿಲೋಮೀಟರ್ ದೂರದ ಸೆನೆಗಲ್, ಗ್ಯಾಂಬಿಯಾ, ಗಿನಿ-ಬಿಸ್ಸಾವ್ ಕಡೆಯ ಪಶ್ಚಿಮ ಆಫ್ರಿಕಾದ ಕರಾವಳಿ. ನಡುವೆ ಬಿಸ್ಕೇ ಕೊಲ್ಲಿಯಂಥ ಸಮುದ್ರ, ಆಮೇಲೆ ಸಹಾರಾ ಮರುಭೂಮಿ. ಗಾಳಿ ಪಶ್ಚಿಮಕ್ಕೆ ತಳ್ಳಿದರೆ ಮರಿ ಅಟ್ಲಾಂಟಿಕ್ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಹೀಗೆ ಹೊರಟ ಮರಿಗಳಲ್ಲಿ ಬೆಳೆದು ವಾಪಸ್ ಬಂದು ಗೂಡು ಕಟ್ಟುವವು ಅರ್ಧಕ್ಕಿಂತ ಕಡಿಮೆ.

ತಲುಪಿದ ಮರಿ ಮುಂದಿನ ಬೇಸಿಗೆಗೆ ವಾಪಸ್ ಬರುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷ ತುಂಬುವವರೆಗೂ ದಕ್ಷಿಣದಲ್ಲೇ ಉಳಿಯುತ್ತದೆ. ಆ ಅವಧಿಯಲ್ಲಿ ಯಾವ ಗೂಡಿನ ಕ್ಯಾಮೆರಾದಲ್ಲೂ ಅದು ಕಾಣುವುದಿಲ್ಲ. ಅಲ್ಲಿ ಯಾರಾದರೂ ಅದರ ಕಾಲಿನ ಉಂಗುರದ ಮೇಲಿನ ಅಕ್ಷರ ಓದಿದರೆ ಮಾತ್ರ ಬದುಕಿದೆ ಎಂದು ಗೊತ್ತಾಗುತ್ತದೆ. ಏನು ಮಾಡುತ್ತಿರುತ್ತದೆ? ಮೀನು ಹಿಡಿಯುವುದನ್ನು ಪಳಗಿಸಿಕೊಳ್ಳುತ್ತಿರುತ್ತದೆ. ಅಪ್ಪ ತಂದುಕೊಟ್ಟದ್ದನ್ನು ತಿಂದು ಬೆಳೆದ ಹಕ್ಕಿ, ಗುರಿ ತಪ್ಪಿ ತಪ್ಪಿ ಕಲಿಯುತ್ತದೆ. ತನ್ನದೇ ಆದ ನೀರು, ಕೂರುವ ಮರ ಹುಡುಕಿಕೊಳ್ಳುತ್ತದೆ. ಆ ಎರಡು ವರ್ಷವನ್ನು ಪಕ್ಷಿ ತಜ್ಞರು ಯಾರೂ ‘ಗ್ಯಾಪ್’ ಎಂದು ಕರೆಯುವುದಿಲ್ಲ.

ಹಕ್ಕಿಯನ್ನು ನೋಡಿ ಛಲ ಕಲಿಯಿರಿ ಎಂದು ಭಾಷಣ ಮಾಡಲು ಇದನ್ನೆಲ್ಲ ಹೇಳುತ್ತಿಲ್ಲ. ಅಂಥ ಭಾಷಣ ಕೋಚಿಂಗ್ ಸೆಂಟರಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. 2021ರ ಏಪ್ರಿಲ್‌ನಲ್ಲಿ ಲೂಯಿ ವಾಪಸ್ ಬಂತು. ಐಲಾ ಬರಲೇ ಇಲ್ಲ. ಎಷ್ಟೋ ಸಲ ಆ ದಾರಿ ಹಾರಿದ್ದ ಅನುಭವಿ ಹಕ್ಕಿ ಅದು. ಪ್ರಯತ್ನ ಕಡಿಮೆಯಾಯಿತು ಎಂದು ಅದರ ಬಗ್ಗೆ ಹೇಳಲಾದೀತೇ?

ನಾನು ಮುಂದಿಡುವ ಮಾತು ಬೇರೆ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಈ ಹಕ್ಕಿಗಳ ಸಂಖ್ಯೆ ಕುಸಿಯಿತು. ಹಕ್ಕಿಗಳು ಎಂದಿನಂತೆ ಗೂಡು ಕಟ್ಟುತ್ತಿದ್ದವು, ಮೊಟ್ಟೆ ಇಡುತ್ತಿದ್ದವು. ಆದರೆ ಕಾವಿಗೆ ಕೂತರೆ ಮೊಟ್ಟೆಗಳೇ ಒಡೆಯುತ್ತಿದ್ದವು. ಕಾರಣ ಡಿಡಿಟಿ. ಹೊಲಕ್ಕೆ, ಸೊಳ್ಳೆಗೆ ಸಿಂಪಡಿಸಿದ ವಿಷ ನೀರು ಸೇರಿ, ಮೀನಿನ ಮೂಲಕ ಹಕ್ಕಿಯ ಮೈ ಹೊಕ್ಕು ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿತ್ತು. ಆಗ ಯಾರೂ ತಾಯಿ ಹಕ್ಕಿಗೆ ‘ಇನ್ನೂ ಸ್ವಲ್ಪ ಪ್ರಯತ್ನಪಡು’ ಎಂದು ಬುದ್ಧಿ ಹೇಳಲಿಲ್ಲ. ನೀರಿನಲ್ಲಿ ಏನಿದೆ ಎಂದು ನೋಡಿದರು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. ನಿಧಾನವಾಗಿ ಗೂಡುಗಳು ಮತ್ತೆ ತುಂಬಿದವು.

ಬ್ರಿಟನ್ನಿನಲ್ಲಿ ಬೇಟೆಗಾರರು ಮತ್ತು ಮೊಟ್ಟೆ ಸಂಗ್ರಹಿಸುವ ಹವ್ಯಾಸಿಗಳಿಂದಾಗಿ ಈ ಹಕ್ಕಿ ಗೂಡು ಕಟ್ಟುವುದೇ ನಿಂತುಹೋಗಿತ್ತು. 1954ರಲ್ಲಿ ಒಂದು ಜೋಡಿ ಸ್ಕಾಟ್ಲೆಂಡಿನ ಗಾರ್ಟನ್ ಸರೋವರದ ಬಳಿ ಮತ್ತೆ ಗೂಡು ಕಟ್ಟಿತು. 1958ರಲ್ಲಿ ಕಾವಲಿದ್ದರೂ ಕಳ್ಳನೊಬ್ಬ ರಾತ್ರಿ ಮರ ಹತ್ತಿ ಮೊಟ್ಟೆ ಕದ್ದ. ಮರುವರ್ಷ ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆಯ ಜಾರ್ಜ್ ವಾಟರ್‌ಸ್ಟನ್ ಗೂಡಿನ ಜಾಗವನ್ನು ಗುಟ್ಟಾಗಿಡುವುದನ್ನು ಬಿಟ್ಟು, ದೂರದಿಂದ ನೋಡಲು ಸಾರ್ವಜನಿಕರನ್ನೇ ಕರೆದರು. ಸಾವಿರಾರು ಜನ ಬಂದರು. ನೋಡುವ ಕಣ್ಣುಗಳೇ ಕಾವಲಾದವು. ಆ ವರ್ಷ ಮೂರು ಮರಿಗಳು ಹಾರಿದವು.

ಇಲ್ಲಿ ನಮ್ಮ ನೀರನ್ನೂ ಯಾರಾದರೂ ಪರೀಕ್ಷಿಸಬೇಕು. ಅಧಿಸೂಚನೆ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಪರೀಕ್ಷೆ ನಡೆದರೆ ಪ್ರಶ್ನೆಪತ್ರಿಕೆ ಸೋರಿಕೆಯ ಸುದ್ದಿ. ಫಲಿತಾಂಶ ಬಂದರೆ ಕೋರ್ಟಿನಲ್ಲಿ ಕೇಸು. ಅಷ್ಟರಲ್ಲಿ ವಯೋಮಿತಿ ಮೀರುತ್ತದೆ. ಇಷ್ಟಾದ ಮೇಲೂ ಅಭ್ಯರ್ಥಿಯ ಶ್ರಮ ಸಾಲದು ಎನ್ನುವುದು ಒಡೆದ ಮೊಟ್ಟೆಗೆ ಹಕ್ಕಿಯನ್ನು ದೂರಿದಂತೆ.

ನಾವು ಹಕ್ಕಿಗಳಲ್ಲ, ನಿಜ. ಅಪ್ಪನಿಗೆ ಸಾಲ ಇದ್ದಾಗ, ತಂಗಿಯ ಫೀಸು ಕಟ್ಟಬೇಕಿದ್ದಾಗ ಎರಡು ವರ್ಷ ಕಲಿಯುತ್ತೇನೆ ಎಂದು ಕೂರುವುದು ಎಲ್ಲರಿಗೂ ಸಾಧ್ಯವಿಲ್ಲ. ನನ್ನ ಗೆಳೆಯ ಓದು ಬಿಟ್ಟು ಡೆಲಿವರಿ ಕೆಲಸಕ್ಕೆ ಸೇರಿದ. ಅದಕ್ಕೇ ನೇಮಕಾತಿಗೆ ವರ್ಷದ ವೇಳಾಪಟ್ಟಿ ಬೇಕು, ಹೇಳಿದ ದಿನವೇ ಪರೀಕ್ಷೆ ನಡೆಯಬೇಕು. ಕಾಯುವ ಸಮಯಕ್ಕೊಂದು ಕೊನೆ ಕಾಣುವಂತಿದ್ದರೆ ಬಡವರ ಮನೆಯ ಮಕ್ಕಳೂ ಕಾಯಬಲ್ಲರು. ಸಂದರ್ಶನ ಮಾಡುವವರು ‘ಗ್ಯಾಪ್ ಯಾಕೆ?’ ಎನ್ನುವ ಬದಲು ‘ಏನು ಕಲಿತಿರಿ?’ ಎಂದು ಕೇಳಲಿ. ನಾವೂ ಆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳೋಣ. ಆ ದಿನ ನನ್ನ ಬಳಿ ಉತ್ತರವಿತ್ತು, ಹೇಳುವ ಧೈರ್ಯ ಇರಲಿಲ್ಲ. ಸಂವಿಧಾನ ಓದಿದ್ದೆ, ಅರ್ಥಶಾಸ್ತ್ರ ಓದಿದ್ದೆ, ಊರಿನ ಹತ್ತು ಹುಡುಗರಿಗೆ ಗಣಿತ ಹೇಳಿಕೊಟ್ಟಿದ್ದೆ.

ಅಮ್ಮ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ, ‘ಆ ಮರಿಗಳು ಬಂದ್ವೇನೋ?’ ಗೊತ್ತಿಲ್ಲ ಎನ್ನುತ್ತೇನೆ. ಹೋದ ತಿಂಗಳು ಮದುವೆ ಮನೆಯಲ್ಲಿ ನೆಂಟರೊಬ್ಬರು, ‘ನಿಮ್ಮ ಮಗ ಇನ್ನೂ ಮನೇಲೇ ಇದ್ದಾನಾ?’ ಎಂದರು. ಅಮ್ಮ ಎಲೆಯ ಮೇಲಿನ ಹೋಳಿಗೆ ಮುರಿಯುತ್ತಾ ಹೇಳಿದಳು: ‘ಕಲೀತಿದ್ದಾನೆ. ಹೊತ್ತು ಬಂದಾಗ ಹೊರಡ್ತಾನೆ.’